ಸೀಶೆಲ್ಸ್‌ಗೆ ನಾವು ಹಡಗು ಯಾಕೆ ಕೊಟ್ಟೆವು?

ಪ್ರಶ್ನೆ: ಸರ್, ನಾನು ಅಂಕೋಲಾ ಕಡೆಯವನು. ನಮ್ಮದೊಂದು ಟ್ರಾಲರ್ ಬೋಟ್ ಇದೆ. ಕಾರವಾರದ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಜ್ಜನ ಕಾಲದ ಜಾಗ ಬಿಟ್ಟುಕೊಟ್ಟ ಮನೆಯವರು ನಾವು. 2025ರ ಏಪ್ರಿಲ್‌ನಲ್ಲಿ ಕಾರವಾರದಿಂದ ಐಎನ್‌ಎಸ್ ಸುನಯನಾ ಹಡಗು ಒಂಬತ್ತು ದೇಶಗಳ ನೌಕಾಪಡೆಯವರನ್ನು ಹತ್ತಿಸಿಕೊಂಡು ಹೊರಟಿತು ಅಂತ ಓದಿದೆ. ಸೀಶೆಲ್ಸ್‌ನಂಥ ಪುಟ್ಟ ದೇಶಕ್ಕೆ ನಾವು ಹಡಗು, ವಿಮಾನ ಎಲ್ಲ ಪುಕ್ಕಟೆ ಕೊಟ್ಟಿದ್ದೇವಂತೆ. ನಮ್ಮ ಕಡಲಿಗೇ ಕಾವಲು ಸಾಲದು. ಹಾಗಿರುವಾಗ ಇದೆಲ್ಲ ಯಾಕೆ? ಅವರು ಆ ಹಡಗಿನಲ್ಲಿ ಮಾಡೋದಾದರೂ ಏನು? ನಮ್ಮಂಥ ಮೀನುಗಾರರಿಗೆ ಇದರಿಂದ ಏನು ಲಾಭ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

2012ರ ಫೆಬ್ರವರಿ 15 ನಿಮಗೆ ನೆನಪಿರಬೇಕು. ಕೇರಳದ ಕರಾವಳಿಯಾಚೆ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲ ಹಡಗಿನ ಮೇಲಿದ್ದ ಸೈನಿಕರು ಒಂದು ಮೀನುಗಾರಿಕೆ ಬೋಟಿನ ಮೇಲೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಕಡಲ್ಗಳ್ಳರು ಅಂದುಕೊಂಡೆವು ಅನ್ನುವುದು ಅವರ ವಾದ. ಸರಿ, ನಮ್ಮ ಮೀನುಗಾರ ಕಡಲ್ಗಳ್ಳನ ಹಾಗೆ ಕಾಣುವ ಕಾಲ ಯಾಕೆ ಬಂತು? ವ್ಯಾಪಾರಿ ಹಡಗಿನ ಮೇಲೆ ಬಂದೂಕು ಹಿಡಿದವರು ಯಾಕಿದ್ದರು?

ಅದರ ಬೇರು ಇರುವುದು ಸೊಮಾಲಿಯಾದಲ್ಲಿ. 1991ರಲ್ಲಿ ಅಲ್ಲಿ ಸರ್ಕಾರವೇ ಕುಸಿದುಬಿತ್ತು. ಕಡಲು ಕಾಯುವವರಿಲ್ಲ. ಹೊರದೇಶದ ದೊಡ್ಡ ದೊಡ್ಡ ಬೋಟುಗಳು ಬಂದು ಮೀನು ಬಾಚಿಕೊಂಡು ಹೋದವು. ಆಮೇಲೆ ಅದೇ ದಡದಿಂದ ಹಡಗು ಅಪಹರಿಸುವ ದಂಧೆ ಬೆಳೆಯಿತು. 2008ರಿಂದ 2011ರ ಹೊತ್ತಿಗೆ ಅದು ವಿಪರೀತಕ್ಕೆ ಹೋಯಿತು. ಹಡಗು ಕಂಪನಿಗಳ ಸಂಘಗಳು ‘ಇಲ್ಲಿ ಅಪಾಯ ಜಾಸ್ತಿ’ ಅಂತ ನಕ್ಷೆಯ ಮೇಲೆ ಒಂದು ಗೆರೆ ಎಳೆದವು. 2010ರಲ್ಲಿ ಆ ಗೆರೆಯನ್ನು ಪೂರ್ವಕ್ಕೆ ಎಳೆದೂ ಎಳೆದೂ 78 ಡಿಗ್ರಿ ರೇಖಾಂಶಕ್ಕೆ ತಂದು ನಿಲ್ಲಿಸಿದರು. ನಿಮ್ಮ ಕಾರವಾರ ಇರುವುದು 74 ಡಿಗ್ರಿಯಲ್ಲಿ. ಅಂದರೆ ಕಾರವಾರ, ಮಲ್ಪೆ, ಮಂಗಳೂರಿನ ಎದುರಿನ ಕಡಲೆಲ್ಲ ಕಾಗದದ ಮೇಲೆ ಕಡಲ್ಗಳ್ಳರ ಕಡಲಾಯಿತು!

ಆಗ ಏನಾಯಿತು ಅಂತ ಬೋಟು ನಡೆಸುವ ನಿಮ್ಮ ತಾಂಡೇಲರನ್ನೇ ಕೇಳಿ. ನಡುಗಡಲಲ್ಲಿ ಹೋಗಬೇಕಾದ ಹಡಗುಗಳು ಹೆದರಿ ನಮ್ಮ ದಂಡೆಗೆ ಅಂಟಿಕೊಂಡು ಹೋಗತೊಡಗಿದವು. ನೀವು ಬಲೆ ಬಿಡುವ ಜಾಗದಲ್ಲೇ. ಬಲೆ ಹರಿಯಿತು. ಹಡಗಿನ ಮೇಲೆ ಬಂದೂಕುಗಳು ಬಂದವು. ಆ ಗೆರೆಯನ್ನು ಮತ್ತೆ 65 ಡಿಗ್ರಿಗೆ ಹಿಂದೆ ಸರಿಸಲು 2015ರ ಡಿಸೆಂಬರ್ ತನಕ ಕಾಯಬೇಕಾಯಿತು. ಸಾವಿರಾರು ಕಿಲೋಮೀಟರ್ ಆಚೆ ಒಂದು ದೇಶಕ್ಕೆ ತನ್ನ ಕಡಲು ಕಾಯಲಾಗಲಿಲ್ಲ, ಅದರ ಬೆಲೆ ನಮ್ಮ ಇಬ್ಬರು ಮೀನುಗಾರರ ಮನೆಗಳು ತೆತ್ತವು. ಸೀಶೆಲ್ಸ್‌ಗೆ ಹಡಗು ಯಾಕೆ ಅನ್ನುವುದಕ್ಕೆ ನನ್ನ ಮೊದಲ ಉತ್ತರ ಇಷ್ಟೇ.

ಚೀನಾ ವಿಷಯ ಇಲ್ಲವೇ ಅಂತ ಕೇಳಬಹುದು. ಇದೆ. ಹಿಂದೂ ಮಹಾಸಾಗರದಲ್ಲಿ ಯಾರ ಮಾತು ನಡೆಯಬೇಕು ಅನ್ನುವ ಲೆಕ್ಕಾಚಾರ ದೆಹಲಿಗೆ ಇದ್ದೇ ಇದೆ. ಇದು ದಾನಧರ್ಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬರೀ ಆ ಲೆಕ್ಕ ಇಟ್ಟುಕೊಂಡು ಮಾಡಿದ ಸಹಾಯ ಬಾಳುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಸೀಶೆಲ್ಸ್ ನೋಡಿ. ಆಫ್ರಿಕಾದ ಪೂರ್ವಕ್ಕೆ, ಹಿಂದೂ ಮಹಾಸಾಗರದ ನಡುವೆ 115 ದ್ವೀಪಗಳು. ಎಲ್ಲ ಸೇರಿಸಿದರೂ ನೆಲ 460 ಚದರ ಕಿಲೋಮೀಟರ್ ದಾಟುವುದಿಲ್ಲ. ಜನ ಒಂದು ಲಕ್ಷದ ಆಸುಪಾಸು. ಆದರೆ 1982ರ ಸಮುದ್ರ ಕಾನೂನಿನ ಪ್ರಕಾರ ದಡದಿಂದ 200 ನಾಟಿಕಲ್ ಮೈಲು, ಅಂದರೆ 370 ಕಿಲೋಮೀಟರ್ ತನಕ ಮೀನು, ಖನಿಜ ಎಲ್ಲ ಆ ದೇಶದ ಹಕ್ಕು. ದ್ವೀಪಗಳು ಚೆದುರಿ ಬಿದ್ದಿರುವುದರಿಂದ ಸೀಶೆಲ್ಸ್ ಪಾಲಿಗೆ ಬಂದ ಕಡಲು ಸುಮಾರು 13.7 ಲಕ್ಷ ಚದರ ಕಿಲೋಮೀಟರ್. ಏಳು ಕರ್ನಾಟಕ ಹಿಡಿಸುತ್ತದೆ. ಒಂದು ಸಣ್ಣ ತಾಲೂಕಿನಷ್ಟು ಜನ ಏಳು ಕರ್ನಾಟಕ ಕಾಯಬೇಕು, ಅದೂ ರಸ್ತೆ ಇಲ್ಲದ ಕಡೆ.

ಮಾಹೆ ಅನ್ನುವ ಮುಖ್ಯ ದ್ವೀಪದಿಂದ ಅಲ್ಡಾಬ್ರಾ ಹವಳದ್ವೀಪಕ್ಕೆ 1,100 ಕಿಲೋಮೀಟರ್‌ಗೂ ಹೆಚ್ಚು ದೂರ. ಡೀಸೆಲ್ ಉಳಿಸಿಕೊಂಡು 12 ನಾಟ್‌ನಲ್ಲಿ, ಅಂದರೆ ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಹೋದರೆ ಎರಡು ಹಗಲು ಎರಡು ರಾತ್ರಿ ದಾಟುತ್ತದೆ. ಅಲ್ಲಿ ಯಾರೋ ಕದ್ದು ಮೀನು ಹಿಡಿಯುತ್ತಿದ್ದಾರೆ ಅಂತ ಸುದ್ದಿ ಬಂದು ಹೊರಟರೆ, ಹೋಗಿ ಮುಟ್ಟುವಷ್ಟರಲ್ಲಿ ಕಳ್ಳ ಬಲೆ ಎತ್ತಿ, ಮೀನು ಐಸಿಗೆ ಹಾಕಿ, ಮನೆಗೆ ಹೋಗಿರುತ್ತಾನೆ.

2005ರಲ್ಲಿ ನಾವು ಅವರಿಗೆ ನಮ್ಮ ನೌಕಾಪಡೆಯ ಐಎನ್‌ಎಸ್ ತರ್ಮುಗ್ಲಿ ಎಂಬ ಗಸ್ತು ಹಡಗನ್ನು ಕೊಟ್ಟೆವು. ಕೋಲ್ಕತ್ತಾದಲ್ಲಿ ಕಟ್ಟಿದ್ದು. ಅವರು ಅದಕ್ಕೆ ಟೊಪಾಜ್ ಅಂತ ಹೆಸರಿಟ್ಟರು. 2010ರ ಮಾರ್ಚ್ ಕೊನೆಯಲ್ಲಿ ಕಡಲ್ಗಳ್ಳರು ಸೀಶೆಲ್ಸ್‌ನ ಗಲಾಟೆ ಎಂಬ ಮೀನುಗಾರಿಕೆ ಬೋಟನ್ನು ಹಿಡಿದರು. (ಹೆಸರೇ ಹಾಗೆ, ನಮ್ಮ ಗಲಾಟೆ ಅಲ್ಲ.) ಅದರ ಮೀನುಗಾರರನ್ನು ಮೊದಲೇ ಅಪಹರಿಸಿದ್ದ ಒಂದು ಇರಾನಿ ಧೋವಿಗೆ, ಅಂದರೆ ಮರದ ಹಡಗಿಗೆ, ಹತ್ತಿಸಿಕೊಂಡು ಸೊಮಾಲಿಯಾ ಕಡೆ ಹೊರಟರು. ಟೊಪಾಜ್ ಬೆನ್ನು ಹತ್ತಿತು. ಒಮ್ಮೆ ದಡ ಮುಟ್ಟಿದರೆ ಮುಗಿಯಿತು, ವರ್ಷಗಟ್ಟಲೆ ಒತ್ತೆ. ಗುಂಡಿನ ಕಾಳಗ ನಡೆಯಿತು, ಧೋವು ಮುಳುಗಿತು. 6 ಸೀಶೆಲ್ಸ್ ಮೀನುಗಾರರು, 21 ಇರಾನಿಗಳು, ಒಟ್ಟು 27 ಜನ ಬದುಕಿ ಬಂದರು. ವಾಪಸ್ ಬರುವಾಗ ಇನ್ನೊಂದು ಕಳ್ಳರ ಗುಂಪು ಇದೇ ಟೊಪಾಜ್ ಮೇಲೆ ದಾಳಿಗೆ ಬಂತು, ಅದನ್ನೂ ಹಿಮ್ಮೆಟ್ಟಿಸಿದರು. ‘ಅವರು ಹಡಗಿನಲ್ಲಿ ಮಾಡೋದಾದರೂ ಏನು’ ಅಂತ ಕೇಳಿದಿರಲ್ಲ, ಇದನ್ನು ಮಾಡಿದರು.

ಆಮೇಲೆ 2014ರಲ್ಲಿ ಇನ್ನೊಂದು ಹಡಗು ಹೋಯಿತು. 2021ರ ಏಪ್ರಿಲ್‌ನಲ್ಲಿ ಜೊರೊಆಸ್ಟರ್ ಎಂಬ 48.9 ಮೀಟರ್ ಉದ್ದದ ಹೊಸ ಹಡಗು, ಸುಮಾರು 100 ಕೋಟಿ ರೂಪಾಯಿಯದ್ದು. 2013ರಲ್ಲೊಂದು, 2018ರಲ್ಲೊಂದು ಕಡಲು ಕಾಯುವ ಡಾರ್ನಿಯರ್ ವಿಮಾನ.

ಇಷ್ಟಾದರೂ ನನ್ನನ್ನು ಕೇಳಿದರೆ ಹಡಗು ಕೊಡುವುದು ಈ ಕೆಲಸದ ಅತಿ ಸುಲಭದ ಭಾಗ. ಫೋಟೋ ಚೆನ್ನಾಗಿ ಬರುತ್ತದೆ, ರಿಬ್ಬನ್ ಇರುತ್ತದೆ. ನಿಜವಾದ ತಲೆನೋವು ಆಮೇಲೆ.

ಹಿಡಿದ ಕಳ್ಳನನ್ನು ಏನು ಮಾಡುವುದು? ಅಂದಿನ ದಿನಗಳಲ್ಲಿ ದೊಡ್ಡ ದೊಡ್ಡ ನೌಕಾಪಡೆಗಳೇ ಕಡಲ್ಗಳ್ಳರನ್ನು ಹಿಡಿದು, ಬಂದೂಕು ಕಿತ್ತು ನೀರಿಗೆಸೆದು, ಊಟ ಕೊಟ್ಟು ಬಿಟ್ಟು ಕಳಿಸಿದ್ದುಂಟು. ಯಾವ ದೇಶದ ಕೋರ್ಟು? ಯಾವ ಕಾನೂನು? ಯಾವ ಜೈಲು? ಸೀಶೆಲ್ಸ್ 2010ರಲ್ಲಿ ತನ್ನ ದಂಡ ಸಂಹಿತೆಯನ್ನೇ ತಿದ್ದಿತು. ಕಡಲ್ಗಳ್ಳತನ ಎಲ್ಲೇ ನಡೆದಿರಲಿ, ಯಾರೇ ಮಾಡಿರಲಿ, ನಾವು ವಿಚಾರಣೆ ಮಾಡಬಹುದು ಅಂತ ಬರೆದುಕೊಂಡಿತು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ತಡೆ ಕಚೇರಿ ಕೋರ್ಟು, ವಕೀಲರು, ದುಭಾಷಿಗಳು, ಜೈಲಿನ ಕೋಣೆ ಇದಕ್ಕೆಲ್ಲ ನೆರವಾಯಿತು. ಫಿರಂಗಿಗಿಂತ ಇದು ಜಾಸ್ತಿ ಕೆಲಸ ಮಾಡಿತು ಅನ್ನುವುದು ನನ್ನ ಅಭಿಪ್ರಾಯ. ಸೊಮಾಲಿ ಭಾಷೆಯ ದುಭಾಷಿ ಸಿಗದೆ ಕೇಸು ನಿಂತರೆ ಹಡಗಿಗೆ ಎಷ್ಟು ವೇಗ ಇದ್ದು ಏನು ಬಂತು?

ನಾವು ಬೇರೆಯವರಿಗೆ ಪಾಠ ಹೇಳುವ ಹಾಗೂ ಇರಲಿಲ್ಲ. ಕಡಲ್ಗಳ್ಳತನದ ವಿರುದ್ಧ ಭಾರತಕ್ಕೇ ಒಂದು ಪ್ರತ್ಯೇಕ ಕಾಯ್ದೆ ಬಂದದ್ದು 2022ರಲ್ಲಿ! 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾ ರುಯೆನ್ ಎಂಬ ಅಪಹೃತ ಹಡಗನ್ನು ಬಿಡಿಸಿ 35 ಸೊಮಾಲಿಗಳನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿತಲ್ಲ, ಆ ಕಾಯ್ದೆ ಇದ್ದದ್ದರಿಂದ ಅದು ಸಲೀಸಾಯಿತು.

ಇನ್ನು ಎಂಜಿನ್ ರೂಮ್. ನಾನು ಕೆಲಸ ಮಾಡಿದ್ದೇ ಅಲ್ಲಿ, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ.

ಒಮ್ಮೆ ಒಂದು ಪುಟ್ಟ ದೇಶದ ಗಸ್ತು ಹಡಗಿಗೆ ಸಲಹೆ ಕೊಡಲು ಹೋಗಿದ್ದೆ. ದೇಶದ ಹೆಸರು ಬೇಡ. ಹೊರಗಿಂದ ಹಡಗು ಮದುಮಗಳ ಹಾಗೆ ಇತ್ತು, ಹೊಸ ಬಣ್ಣ. ಒಳಗೆ ಇಳಿದರೆ ಜನರೇಟರ್ ಸದ್ದೇ ಇಲ್ಲ. ಎರಡಿದ್ದವು. ಒಂದನ್ನು ಬಿಚ್ಚಿ ಅದರ ಭಾಗಗಳನ್ನು ಇನ್ನೊಂದಕ್ಕೆ ಹಾಕಿದ್ದರು. ಆ ಇನ್ನೊಂದರಲ್ಲಿ ಸಮುದ್ರದ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಹರಿದಿತ್ತು. ಅಂಗೈಯಲ್ಲಿ ಹಿಡಿಸುವ ರಬ್ಬರ್ ಚಕ್ರ, ನಿಮ್ಮ ಬೋಟಿನಲ್ಲೂ ಅಂಥದ್ದು ಇರಬಹುದು. ಅದಿಲ್ಲದಿದ್ದರೆ ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಜನರೇಟರ್ ಇಲ್ಲದಿದ್ದರೆ ರಾಡಾರ್ ಇಲ್ಲ, ರೇಡಿಯೊ ಇಲ್ಲ, ಅಡುಗೆಮನೆಯ ಫ್ರಿಜ್ಜೂ ಇಲ್ಲ. ಆ ಚಕ್ರ ವಿಮಾನದಲ್ಲಿ ಬರಬೇಕು. ಅದಕ್ಕೆ ಹಣಕಾಸು ಇಲಾಖೆಯ ಸಹಿ ಬೇಕು. ಆ ವರ್ಷದ ದುಡ್ಡು ಮುಗಿದಿತ್ತು. ಹಡಗು ಒಂದೂವರೆ ತಿಂಗಳು ಧಕ್ಕೆಯಲ್ಲಿ ನಿಂತಿತು. ಅಲ್ಲಿನ ಎಂಜಿನಿಯರ್ ಹುಡುಗ ಬಹಳ ಚೂಟಿ. ಹಳೇ ಟೈರ್ ಕೊಯ್ದು ಒಂದು ಇಂಪೆಲ್ಲರ್ ಮಾಡಿ ತೋರಿಸಿದ. ಇಪ್ಪತ್ತು ನಿಮಿಷ ಓಡಿತು. ಇಬ್ಬರೂ ನಕ್ಕೆವು, ಇನ್ನೇನು ಮಾಡೋದು?

ಈ ಪಾಠವನ್ನು ಎಲ್ಲರಿಗಿಂತ ದುಬಾರಿಯಾಗಿ ಕಲಿತದ್ದು ಆಸ್ಟ್ರೇಲಿಯಾ. 1987ರಿಂದ 1997ರ ನಡುವೆ ಅದು ಪೆಸಿಫಿಕ್‌ನ 12 ದೇಶಗಳಿಗೆ 22 ಗಸ್ತು ಬೋಟು ಕೊಟ್ಟಿತು. ಕಿರಿಬಾಟಿ ಎಂಬ ದೇಶ ಅದರಲ್ಲೊಂದು. ಅದರ ನೆಲ 811 ಚದರ ಕಿಲೋಮೀಟರ್, ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್, ಭಾರತದ ನೆಲಕ್ಕಿಂತಲೂ ದೊಡ್ಡದು. ಹೊರಗಿನ ಟ್ಯೂನಾ ಬೋಟುಗಳು ಕೊಡುವ ಲೈಸೆನ್ಸ್ ಹಣವೇ ಅಲ್ಲಿನ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ. ಕಡಲು ಕಾಯದಿದ್ದರೆ ಮೇಷ್ಟ್ರ ಸಂಬಳಕ್ಕೇ ಕುತ್ತು. ಆದರೂ ಪೆಸಿಫಿಕ್‌ನಲ್ಲಿ ಡೀಸೆಲ್‌ಗೆ ದುಡ್ಡಿಲ್ಲದೆ ಬೋಟುಗಳು ಬಂದರಿನಲ್ಲೇ ನಿಂತದ್ದುಂಟು. ಬರೀ ಬೋಟು ಸಾಲದು ಅಂತ ಆಸ್ಟ್ರೇಲಿಯಾ ತನ್ನ ನೌಕಾಪಡೆಯ ಸಲಹೆಗಾರರನ್ನು ಆಯಾ ದೇಶದಲ್ಲೇ ಇಟ್ಟಿತು. ತರಬೇತಿ, ದುರಸ್ತಿ ಎಲ್ಲವನ್ನೂ ಯೋಜನೆಯೊಳಗೇ ಸೇರಿಸಿತು. 2018ರಿಂದ ಗಾರ್ಡಿಯನ್ ಎಂಬ 39.5 ಮೀಟರ್‌ನ ಹೊಸ ಬೋಟುಗಳನ್ನು ಕೊಡತೊಡಗಿತು. ಅಲ್ಲೂ ಪೆಟ್ಟು ತಪ್ಪಲಿಲ್ಲ. 2021ರಲ್ಲಿ ಸಮೋವಾದ ಬೋಟು ಬಂಡೆಗೆ ಬಡಿದು ರಿಪೇರಿ ಆಗದಷ್ಟು ಹಾಳಾಯಿತು. 2024ರ ಜೂನ್‌ನಲ್ಲಿ ಫಿಜಿಯ ಹೊಚ್ಚಹೊಸ ಬೋಟು ಮೊದಲ ಗಸ್ತಿನಲ್ಲೇ ಹವಳದ ದಿಬ್ಬಕ್ಕೆ ಹತ್ತಿತು. ಹವಳದ ದಿಬ್ಬಗಳ ನಡುವೆ ನಡೆಸುವ ಕೈ ಪಳಗಲು ವರ್ಷಗಳು ಬೇಕು. ಬೋಟು ಹಡಗುಕಟ್ಟೆಯಿಂದ ಬರುತ್ತದೆ, ಅಂಥ ಕೈ ಬರುವುದಿಲ್ಲ.

ಅದಕ್ಕೇ ಯಾರಾದರೂ ‘ಇಂಥ ದೇಶಕ್ಕೆ ಇಷ್ಟು ಹಡಗು ಕೊಟ್ಟೆವು’ ಅಂದರೆ ನಾನು ಕೇಳುವುದು ಒಂದೇ: ವರ್ಷಕ್ಕೆ ಎಷ್ಟು ದಿನ ಕಡಲಿನಲ್ಲಿತ್ತು?

ಹಡಗು ಓಡಿತು ಅಂತಿಟ್ಟುಕೊಳ್ಳಿ. ಯಾವ ಕಡೆಗೆ ಓಡಬೇಕು? ಕಡಲನ್ನು ನೋಡುವುದು ಅಷ್ಟು ಸುಲಭ ಅಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರ ಜೊತೆ ಕಾಣೆಯಾಯಿತು. ನೌಕಾಪಡೆ, ಕೋಸ್ಟ್ ಗಾರ್ಡ್, ವಿಮಾನ ಎಲ್ಲ ಹುಡುಕಿದರೂ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಾಲ್ವಣ ಬಳಿ, ಕಡಲ ತಳದಲ್ಲಿ. ಇಷ್ಟು ದೊಡ್ಡ ದೇಶಕ್ಕೆ ತನ್ನ ಮನೆ ಬಾಗಿಲಲ್ಲೇ ಐದು ತಿಂಗಳು ಹಿಡಿಯಿತು.

ರಾಡಾರ್ ಇಟ್ಟರಾಯಿತಲ್ಲ ಅನ್ನಬಹುದು. ಭೂಮಿ ದುಂಡಗಿದೆ ನೋಡಿ, ಅದೇ ತೊಂದರೆ. 50 ಮೀಟರ್ ಎತ್ತರದ ಗೋಪುರದ ಮೇಲೆ ರಾಡಾರ್ ಇಟ್ಟರೂ ನಿಮ್ಮಂಥ ಸಣ್ಣ ಬೋಟು ಹೆಚ್ಚೆಂದರೆ 35 ಕಿಲೋಮೀಟರ್ ತನಕ ಕಂಡೀತು. ಕಾಯಬೇಕಾದ್ದು 370. ಉಳಿದ ಕಡಲಿಗೆ ವಿಮಾನ ಬೇಕು, ಉಪಗ್ರಹ ಬೇಕು, ಇನ್ನೊಂದು ದೇಶದವನ ಫೋನ್ ಕರೆ ಬೇಕು. ದೊಡ್ಡ ಹಡಗುಗಳಲ್ಲಿ ಎಐಎಸ್ ಯಂತ್ರ ಇರುತ್ತದೆ, ‘ನಾನು ಇಂಥವನು, ಇಲ್ಲಿದ್ದೇನೆ’ ಅಂತ ಕೂಗುತ್ತಲೇ ಇರುತ್ತದೆ. ಕಳ್ಳ ಮಾಡುವ ಮೊದಲ ಕೆಲಸ ಅದರ ಬಾಯಿ ಮುಚ್ಚುವುದು. ಹಾಗಾಗಿ ಕಾವಲಿನ ಕೋಣೆಯಲ್ಲಿ ಕೂತವನು ಪರದೆಯ ಮೇಲೆ ಇರುವ ಚುಕ್ಕಿಗಿಂತ, ನಿನ್ನೆ ಇದ್ದು ಇವತ್ತು ಇಲ್ಲದ ಚುಕ್ಕಿಯನ್ನು ಹುಡುಕುತ್ತಾನೆ. ರಾಡಾರ್ ತೋರಿಸುತ್ತಿದೆ, ಎಐಎಸ್ ಸುಮ್ಮನಿದೆ ಅಂದರೆ ಅಲ್ಲೇನೋ ಇದೆ ಅಂತ ಅರ್ಥ.

ಇಲ್ಲಿ ನಮ್ಮ ಬೆಂಗಳೂರಿನ ಕೈ ಇದೆ, ಅದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ನಮ್ಮ ಕರಾವಳಿಯ ಕಣ್ಗಾವಲು ರಾಡಾರ್ ಜಾಲ ಮಾಡಿದ್ದು ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಅದೇ ಬಿಇಎಲ್ ಶ್ರೀಲಂಕಾದಲ್ಲಿ ಕಡಲ ರಕ್ಷಣಾ ಸಮನ್ವಯ ಕೇಂದ್ರ ಕಟ್ಟಿಕೊಟ್ಟಿತು. ಭಾರತದ 60 ಲಕ್ಷ ಡಾಲರ್ ನೆರವು, ಕೊಲಂಬೊದಲ್ಲಿ ಮುಖ್ಯ ಕೇಂದ್ರ, ಹಂಬಂಟೋಟದಲ್ಲಿ ಉಪಕೇಂದ್ರ. 2024ರ ಜೂನ್‌ನಲ್ಲಿ ಶುರುವಾಯಿತು. ಮುಳುಗುವ ಬೋಟಿನ ಕೂಗು ಕೇಳಿಸಿಕೊಳ್ಳುವ ಜಾಗ ಅದು. ಇನ್ನು ಗುರುಗ್ರಾಮದಲ್ಲಿ 2018ರ ಡಿಸೆಂಬರ್‌ನಿಂದ ಒಂದು ಮಾಹಿತಿ ಕೇಂದ್ರ ಇದೆ. ಬೇರೆ ಬೇರೆ ದೇಶಗಳ ನೌಕಾಧಿಕಾರಿಗಳು ಅಲ್ಲೇ ಕೂತು ಹಿಂದೂ ಮಹಾಸಾಗರದ ಹಡಗುಗಳ ಸುದ್ದಿ ಹಂಚಿಕೊಳ್ಳುತ್ತಾರೆ. ಕಡಲೇ ಇಲ್ಲದ ಗುರುಗ್ರಾಮದಲ್ಲಿ!

ಈಗ ಆ ರಾಜಕೀಯದ ಮಾತು. ರಾಡಾರ್ ನಾವು ಕೊಟ್ಟೆವು ಸರಿ, ಪರದೆ ನೋಡುವವರು ಯಾರು? ನಿಮ್ಮ ಮನೆಗೆ ಯಾರೋ ಸಿಸಿ ಕ್ಯಾಮೆರಾ ಪುಕ್ಕಟೆ ಹಾಕಿಕೊಟ್ಟು ಪಾಸ್‌ವರ್ಡ್ ತಾವೇ ಇಟ್ಟುಕೊಂಡರೆ ನಿಮಗೆ ಹೇಗನ್ನಿಸುತ್ತದೆ? ಮಾಲ್ಡೀವ್ಸ್‌ನಲ್ಲಿ ಆದದ್ದು ಹೆಚ್ಚುಕಮ್ಮಿ ಇದೇ. ನಾವು ಕೊಟ್ಟ ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರುಗಳು ಅಲ್ಲಿ ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದವು, ಒಳ್ಳೇ ಕೆಲಸ. ಆದರೆ ನಡೆಸುತ್ತಿದ್ದವರು ನಮ್ಮ ಸೈನಿಕರು. ಅದೇ ಚುನಾವಣೆಯ ವಿಷಯವಾಯಿತು. 2024ರ ಮೇ 10ರೊಳಗೆ ಸೈನಿಕರೆಲ್ಲ ವಾಪಸ್ ಬಂದರು, ಅವರ ಜಾಗಕ್ಕೆ ಸೇನೆಗೆ ಸೇರದ ತಂತ್ರಜ್ಞರು ಹೋದರು. ಸೀಶೆಲ್ಸ್‌ನಲ್ಲೂ ಅಸಂಪ್ಷನ್ ಎಂಬ ದ್ವೀಪದಲ್ಲಿ ನೆಲೆ ಕಟ್ಟುವ ನಮ್ಮ ಒಪ್ಪಂದಕ್ಕೆ ಜನ ಬೀದಿಗಿಳಿದು ಬೇಡ ಅಂದರು, 2018ರಲ್ಲಿ ಅದು ಅಲ್ಲಿಗೇ ನಿಂತಿತು. ಹಡಗು ತೆಗೆದುಕೊಂಡ ಅದೇ ದೇಶ, ನೆಲ ಕೊಡಲಿಲ್ಲ. ಸೀಬರ್ಡ್‌ಗೆ ಜಾಗ ಬಿಟ್ಟುಕೊಟ್ಟ ಮನೆಯವರಿಗೆ ಅವರ ಸಂಕಟ ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು ತಮಾಷೆ. ಕಾನೂನು ಗಟ್ಟಿಯಾದರೆ ಅದು ನಮ್ಮವರಿಗೂ ಅನ್ವಯ. 2022ರಲ್ಲಿ ತಮಿಳುನಾಡು, ಕೇರಳ ಕಡೆಯ ಹಲವು ಮೀನುಗಾರರು ಸೀಶೆಲ್ಸ್ ಕಡಲಿಗೆ ಹೋಗಿ ಸಿಕ್ಕಿಬಿದ್ದರು. ಬಿಡಿಸಿಕೊಂಡು ಬರಲು ಸರ್ಕಾರ ಓಡಾಡಬೇಕಾಯಿತು. ನಾವು ಹಡಗು ಕೊಟ್ಟವರು ಅಂತ ಅವರು ಬಿಟ್ಟುಬಿಡಬೇಕಿತ್ತಾ? ನನ್ನ ಪ್ರಕಾರ ಇಲ್ಲ. ಯಾರ ಬೋಟು ಅಂತ ನೋಡದೆ ಹಿಡಿಯುವ ದೇಶವೇ ನಾಳೆ ನಮಗೂ ಆಸರೆ.

ಸುನಯನಾದ ವಿಷಯ. ಗೋವಾದಲ್ಲಿ ಕಟ್ಟಿದ ಹಡಗು ಅದು. ಏಪ್ರಿಲ್ 5ಕ್ಕೆ ಕಾರವಾರದಿಂದ ಹೊರಟಾಗ 44 ಜನ ಹೊರದೇಶದವರಿದ್ದರು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೀಶೆಲ್ಸ್, ಶ್ರೀಲಂಕಾ, ತಾಂಜಾನಿಯಾ. ದಾರೆಸ್ಸಲಾಮ್, ನಕಾಲಾ, ಪೋರ್ಟ್ ಲೂಯಿ, ವಿಕ್ಟೋರಿಯಾ, ಮಾಲೆ ಸುತ್ತಿ ಮೇ ತಿಂಗಳಲ್ಲಿ ಕೊಚ್ಚಿಗೆ ಬಂತು. ಅವರು ಅತಿಥಿಗಳ ಹಾಗೆ ಕೂತು ಹೋಗಲಿಲ್ಲ, ನಮ್ಮವರ ಜೊತೆ ಪಾಳಿಯಲ್ಲಿ ಕಾವಲು ನಿಂತರು. ಒಂದು ತಿಂಗಳು ಒಂದೇ ಹಡಗಿನಲ್ಲಿ ಊಟ, ನಿದ್ದೆ, ಕಡಲಕಾಯಿಲೆ ಹಂಚಿಕೊಂಡವರು ಆಮೇಲೆ ಪತ್ರ ಬರೆದು ಅನುಮತಿ ಕಾಯುವುದಿಲ್ಲ, ನೇರ ಫೋನ್ ಎತ್ತುತ್ತಾರೆ. 100 ಕೋಟಿಯ ಹಡಗಿಗಿಂತ ಈ ಯಾತ್ರೆ ನನಗೆ ಇಷ್ಟವಾದದ್ದು ಅದಕ್ಕೇ.

ನಮ್ಮ ಕಡಲಿಗೇ ಕಾವಲು ಸಾಲದು ಅಂದಿರಿ. ಒಪ್ಪುತ್ತೇನೆ. ನಮ್ಮ ದಂಡೆಯಲ್ಲೂ ರಿಪೇರಿಗೆ ಕಾಯುತ್ತ ನಿಂತ ಗಸ್ತು ಬೋಟುಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅಲ್ಲಿಯ ಇಂಪೆಲ್ಲರ್ ಕಥೆ ಇಲ್ಲಿಯದೂ ಹೌದು. ಅದನ್ನು ಕೇಳುವ ಹಕ್ಕು ನಿಮಗೆ ಪೂರಾ ಇದೆ, ಕೇಳಿ.

ಜೊತೆಗೆ ನಿಮ್ಮ ಕೈಯಲ್ಲಿರುವ ಒಂದು ಕೆಲಸ. ಕೇಂದ್ರ ಸರ್ಕಾರ 364 ಕೋಟಿ ರೂಪಾಯಿಯಲ್ಲಿ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ಬೋಟು ಎಲ್ಲಿದೆ ಅಂತ ತಿಳಿಸುವ ಯಂತ್ರ, ಪುಕ್ಕಟೆ ಹಾಕಿಸುವ ಯೋಜನೆ ಮಾಡಿದೆ, ಇಸ್ರೊ ತಂತ್ರಜ್ಞಾನ. ನಿಮ್ಮ ಬೋಟಿಗೆ ಇನ್ನೂ ಹಾಕಿಸಿಲ್ಲವಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಂಗುಡೆ ಸಿಗುವ ಜಾಗ ಪಕ್ಕದ ಬೋಟಿನವನಿಗೆ ಗೊತ್ತಾಗಿಬಿಡುತ್ತದೆ ಅಂತ ಅದನ್ನು ಆಫ್ ಮಾಡಿ ಇಡುವವರಿದ್ದಾರೆ. ಅದರ ಸುದ್ದಿ ಹೋಗುವುದು ಉಪಗ್ರಹಕ್ಕೆ, ಪಕ್ಕದ ಬೋಟಿಗಲ್ಲ. ಆನ್ ಇರಲಿ.